ವೇದನೆ, ವೈಯಾವೃತ್ಯ ಮತ್ತು ಸಮಾಧಿಮರಣ

ಗುಣವಾಗುವ ಹಂತವನ್ನು ದಾಟಿದ ರೋಗಿಯ ನೋವನ್ನು ಶಮನಗೊಳಿಸಿ, ಅವನ ಮನೆಯವರಿಗೂ ಆಸರೆಯಾಗುವ ಚಿಕಿತ್ಸೆಗೆ ವೈದ್ಯರು ಉಪಶಾಮಕ ಆರೈಕೆ ಎನ್ನುತ್ತಾರೆ. ಇದು ಸಾವನ್ನು ತ್ವರೆಗೊಳಿಸುವುದೂ ಅಲ್ಲ, ಮುಂದೂಡುವುದೂ ಅಲ್ಲ. ಅರ್ಬುದ ರೋಗದ ಕಡೆಯ ದಿನಗಳಲ್ಲಿ ಇದರ ಮುಖ್ಯ ಸಾಧನ ಮಾರ್ಫಿನ್. ಆದರೆ ಈ ಮಾತ್ರೆಯ ಹೆಸರೆತ್ತಿದೊಡನೆ ನಮ್ಮ ಶ್ರಾವಕರ ಮನೆಗಳಲ್ಲಿ ಎರಡು ಶಂಕೆಗಳು ತಲೆದೋರುತ್ತವೆ. ಕರ್ಮವನ್ನು ಅನುಭವಿಸಿಯೇ ತೀರಿಸಬೇಕಲ್ಲವೇ ಎಂಬುದು ಒಂದು. ಮಂಪರಿನಲ್ಲಿ ಪಂಚನಮಸ್ಕಾರ ತಪ್ಪಿಹೋದರೆ ಗತಿಯೇನು ಎಂಬುದು ಇನ್ನೊಂದು. ಇವು ಅಜ್ಞಾನದ ಮಾತುಗಳೆಂದು ತಳ್ಳಿಹಾಕತಕ್ಕವಲ್ಲ. ಹಾಗೆ ಕೇಳುವವರು ಧರ್ಮಭೀರುಗಳೇ ಆಗಿರುತ್ತಾರೆ. ಆದುದರಿಂದಲೇ ಶಾಸ್ತ್ರದ ಬೆಳಕಿನಲ್ಲಿ ಇವನ್ನು ಪರಿಶೀಲಿಸುವುದು ಅವಶ್ಯ.

ನೋವನ್ನು ಸಹಿಸಿದವರನ್ನು ಪೂಜಿಸುವ ಪರಂಪರೆ ನಮ್ಮದು. ಹೊಂಬುಜದ ನಿಷಿಧಿಗಲ್ಲುಗಳೂ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳೂ ಅದಕ್ಕೆ ಸಾಕ್ಷಿ. ಕನ್ನಡದಲ್ಲಿ ಇಂದು ದೊರೆತಿರುವ ಅತಿ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಭಗವತೀ ಆರಾಧನೆಯ ಗಾಹೆಗಳನ್ನು ಆಧರಿಸಿದವು. ಮರಣಶಯ್ಯೆಯಲ್ಲಿರುವ ಕ್ಷಪಕನಿಗೆ ಧೈರ್ಯದ ಕವಚವನ್ನು ತೊಡಿಸಲು ಹೇಳುವ ಕಥೆಗಳಿವು. ನರಿಯು ದೇಹವನ್ನು ತಿನ್ನುತ್ತಿದ್ದರೂ ಕದಲದ ಸುಕುಮಾರಸ್ವಾಮಿಯನ್ನು ನೆನೆದು ರೋಮಾಂಚನಗೊಳ್ಳದ ಜೈನನಿಲ್ಲ. ಆದರೆ ಸುಕುಮಾರಸ್ವಾಮಿಯು ತಾನೇ ವ್ರತವನ್ನು ಕೈಗೊಂಡವನು. ಬೇರೊಬ್ಬರು ಆ ವ್ರತವನ್ನು ಅವನ ಮೇಲೆ ಹೇರಲಿಲ್ಲ. ಗಂಟಲ ಹುಣ್ಣಿನಿಂದ ರಾತ್ರಿಯಿಡೀ ನರಳುವ ಗೃಹಸ್ಥನ ಬಳಿ ಕುಳಿತು, ಮಾತ್ರೆಯನ್ನು ತಡೆಹಿಡಿದು, ಸಹಿಸಿಕೊಳ್ಳಿ ಎನ್ನುವ ಮಕ್ಕಳು ತಂದೆಯ ಪರವಾಗಿ ತಾವು ವ್ರತ ತೊಟ್ಟಂತಾಯಿತು. ಅಂಥ ವ್ರತವನ್ನು ಯಾವ ಶ್ರಾವಕಾಚಾರವೂ ಹೇಳಿಲ್ಲ.

ಇನ್ನು ಕರ್ಮದ ಮಾತು. ಕರ್ಮವೆಂದರೆ ಒಂದು ಕಾಸೂ ಕಡಿಮೆಯಾಗದ ಸಾಲವೆಂದು ಜನ ತಿಳಿದಿದ್ದಾರೆ. ವ್ಯಾಪಾರಿಯಾದ ನನಗೆ ಈ ಹೋಲಿಕೆ ಚೆನ್ನಾಗಿಯೇ ಅರ್ಥವಾಗುತ್ತದೆ, ಆದರೆ ಇದು ಅರ್ಧ ಲೆಕ್ಕ. ಗೊಮ್ಮಟಸಾರವು ಹೇಳುವ ದಶಕರಣಗಳಲ್ಲಿ ಅಪಕರ್ಷಣ, ಸಂಕ್ರಮಣ, ಉದೀರಣೆ, ಉಪಶಮಗಳೂ ಇವೆ. ಸಾಲದ ಅವಧಿಯೂ ಮೊತ್ತವೂ ಬದಲಾಗುವ ಅವಕಾಶ ಅಲ್ಲಿಯೇ ಉಂಟು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವಂತೂ ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ಸಾರುತ್ತದೆ. ಹಾಗಾದರೆ ಉಪವಾಸವೂ ದೋಷವೇ ಎಂಬ ಶಂಕೆಯನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಂಡು, ಕರುಣೆಯಿಂದ ವ್ರಣವನ್ನು ಕೊಯ್ಯುವ ವೈದ್ಯನ ದೃಷ್ಟಾಂತದಿಂದ ಪರಿಹರಿಸಿದ್ದಾರೆ. ಅಲ್ಲಿ ನಿರ್ಣಾಯಕವಾದುದು ಭಾವ. ಪರಿಹಾರವು ಕೈಗೆಟಕುವಂತಿದ್ದೂ ಪರರ ಆಕ್ರಂದನವನ್ನು ನೋಡುತ್ತ ಕುಳಿತವನ ಖಾತೆಗೆ ಏನು ಜಮೆಯಾಗುತ್ತದೆ ಎಂಬುದನ್ನು ಓದುಗರೇ ಯೋಚಿಸಲಿ.

ಎರಡನೆಯ ಶಂಕೆ ಇನ್ನೂ ಗಂಭೀರವಾದುದು. ಅಂತ್ಯಕಾಲದಲ್ಲಿ ಎಚ್ಚರವಿರಬೇಕೆಂಬುದು ನಿಜ. ಆದರೆ ತೀವ್ರ ವೇದನೆಯೇ ಆರ್ತಧ್ಯಾನದ ನಾಲ್ಕು ಪ್ರಕಾರಗಳಲ್ಲೊಂದಕ್ಕೆ ಮೂಲವೆಂದು ಉಮಾಸ್ವಾತಿಗಳು ಹೇಳಿದ್ದಾರೆ. ನೋವಿನಿಂದ ಹೊರಳಾಡುವವನ ಎಚ್ಚರವೆಲ್ಲ ನೋವಿನ ಮೇಲೆಯೇ ಇರುತ್ತದೆ, ಅರಿಹಂತರ ಮೇಲಲ್ಲ. ಗಸಗಸೆ ಗಿಡದ ಹಾಲಿನಿಂದ ದೊರೆಯುವ ಮಾರ್ಫಿನ್ನನ್ನು ನೋವಿನ ಪ್ರಮಾಣಕ್ಕೆ ತಕ್ಕಂತೆ ಅಳೆದು ಕೊಟ್ಟರೆ, ಮೊದಲ ಕೆಲವು ದಿನಗಳ ಮಂಪರು ಸಾಮಾನ್ಯವಾಗಿ ಇಳಿಯುತ್ತದೆ. ರೋಗಿಯು ಮಾತನಾಡುತ್ತಾನೆ, ಸ್ತೋತ್ರ ಕೇಳುತ್ತಾನೆ. ಮಲಬದ್ಧತೆಗೆ ಮಾತ್ರ ಜೊತೆಗೇ ಔಷಧ ಬೇಕು. ಸಾಮಾನ್ಯ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಬೇಕಾಗುವುದರಿಂದ ರಾತ್ರಿಭೋಜನ ತ್ಯಾಗದ ವ್ರತವುಳ್ಳವರು ಹಿಂಜರಿಯುತ್ತಾರೆ. ಹನ್ನೆರಡು ಗಂಟೆಗಳ ಕಾಲ ಮೆಲ್ಲಗೆ ಕರಗುವ ಮಾತ್ರೆಗಳೂ ಇವೆ; ಸೂರ್ಯೋದಯದ ನಂತರ ಒಂದು, ಸೂರ್ಯಾಸ್ತಕ್ಕೆ ಮೊದಲು ಒಂದು ಎಂದು ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ಸಂಕೋಚದಿಂದ ಯಾರೂ ಕೇಳುವುದಿಲ್ಲ.

ಇಲ್ಲಿ ಸಲ್ಲೇಖನೆಯ ವಿಚಾರವೂ ಬರುತ್ತದೆ. ಅದನ್ನು ಆತ್ಮಹತ್ಯೆಗೆ ಸಮವೆಂದ ರಾಜಸ್ಥಾನ ಉಚ್ಚ ನ್ಯಾಯಾಲಯದ 2015ರ ಆಗಸ್ಟ್ 10ರ ತೀರ್ಪಿಗೆ ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳ 31ರಂದು ತಡೆಯಾಜ್ಞೆ ನೀಡಿತು. ಆಗ ನಾವೆಲ್ಲ ಮೌನ ಮೆರವಣಿಗೆ ಮಾಡಿದೆವು, ಒಳ್ಳೆಯದೇ. ಆದರೆ ಸಮಂತಭದ್ರಾಚಾರ್ಯರ ಒಂದು ಪದವನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಅನಿಸಿಕೆ. ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳು ಪ್ರತೀಕಾರವಿಲ್ಲದವಾಗಿದ್ದಾಗ ಮಾತ್ರ ಸಲ್ಲೇಖನೆ ಎಂದು ರತ್ನಕರಂಡಕದಲ್ಲಿದೆ. ರೋಗಕ್ಕೆ ಪ್ರತೀಕಾರವಿಲ್ಲದಿರಬಹುದು, ನೋವಿಗೆ ಉಂಟು. ನೋವು ತಾಳಲಾರದೆ ನನಗೆ ಸಲ್ಲೇಖನೆ ಕೊಡಿಸಿ ಎನ್ನುವವನದು ವ್ರತವೋ, ಪಲಾಯನವೋ? ಮರಣಾಶಂಸೆ, ಅಂದರೆ ಸಾವು ಬೇಗ ಬರಲೆಂದು ಬಯಸುವುದು, ಸಲ್ಲೇಖನೆಯ ಐದು ಅತಿಚಾರಗಳಲ್ಲೊಂದು. ಮೊದಲು ನೋವನ್ನು ಇಳಿಸಬೇಕು. ಆ ಬಳಿಕವೂ ವ್ರತದ ಇಚ್ಛೆ ಉಳಿದರೆ ಅದು ನಿಜವಾದ ಇಚ್ಛೆ; ಆಗ ಗುರುಗಳ ಬಳಿಗೆ ಹೋಗಬೇಕು.

ರೋಗಿಗೆ ರೋಗವನ್ನೇ ತಿಳಿಸದ ನಮ್ಮ ಕುಟುಂಬಗಳ ರೂಢಿ ಇದಕ್ಕೆ ದೊಡ್ಡ ಅಡ್ಡಿ. ಸ್ವಜನರೊಡನೆ ಪ್ರಿಯವಚನಗಳಿಂದ ಕ್ಷಮೆ ಕೇಳಿ, ಕ್ಷಮಿಸಿ, ಪರಿಗ್ರಹವನ್ನು ಬಿಡಬೇಕೆಂದು ಶಾಸ್ತ್ರವಿದೆ. ತನ್ನ ಕಾಲ ಸಮೀಪಿಸಿದೆಯೆಂದೇ ತಿಳಿಯದವನು ಇದನ್ನೆಲ್ಲ ಮಾಡುವುದು ಹೇಗೆ?

ಭಗವತೀ ಆರಾಧನೆಯು ಒಬ್ಬ ಕ್ಷಪಕನ ಸೇವೆಗೆ ನಲವತ್ತೆಂಟು ನಿರ್ಯಾಪಕರನ್ನು ಹೇಳುತ್ತದೆ. ಮೈ ಹೊರಳಿಸಲು ನಾಲ್ವರು, ಧರ್ಮಕಥೆಗೆ ನಾಲ್ವರು, ಮಲಮೂತ್ರಗಳ ಶುಚಿಗೆ ನಾಲ್ವರು, ಹೀಗೆ. ಎಷ್ಟೇ ಕಷ್ಟಕಾಲವಾದರೂ ಇಬ್ಬರಿಗೆ ಕಡಿಮೆಯಿರಬಾರದು. ಒಬ್ಬನೇ ಆದರೆ ಅವನೂ ಸೋಲುತ್ತಾನೆ, ಕ್ಷಪಕನೂ ಕೆಡುತ್ತಾನೆ. ಹಗಲು ತೋಟದ ಕೆಲಸ, ರಾತ್ರಿ ಅತ್ತೆಯ ಆರೈಕೆ ಎಂದು ಒಂಟಿಯಾಗಿ ಸವೆಯುತ್ತಿರುವ ನಮ್ಮ ಮಲೆನಾಡಿನ ಸೊಸೆಯಂದಿರನ್ನು ಕಂಡಾಗ ಈ ನಿಯಮದ ಅರ್ಥವಾಗುತ್ತದೆ. 1993ರಲ್ಲಿ ಕೋಳಿಕೋಡಿನಲ್ಲಿ ಆರಂಭವಾದ ಸಂಸ್ಥೆಯಿಂದ ಕೇರಳದ ಊರೂರಿನಲ್ಲಿ ನೆರೆಹೊರೆಯವರೇ ತರಬೇತಿ ಪಡೆದು ರೋಗಿಗಳ ಮನೆಗೆ ಹೋಗುವ ಪದ್ಧತಿ ಬೆಳೆಯಿತು. ಬೆಂಗಳೂರಿನ ಕರುಣಾಶ್ರಯವು 1999ರಿಂದ ಅರ್ಬುದ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ.

ನಗರ ಸೀಮೆಯವರಿಗೆ ಬೆಂಗಳೂರು ದೂರ. ಮಣಿಪಾಲದಲ್ಲಿ ಈ ಚಿಕಿತ್ಸೆಯ ವಿಭಾಗವಿದೆ, ಆದರೆ ಘಟ್ಟವಿಳಿಯಬೇಕು. 1985ರ ಮಾದಕವಸ್ತು ಕಾನೂನಿನ ಭಯದಿಂದ ಮಾರ್ಫಿನ್ ಇಡುವ ಆಸ್ಪತ್ರೆಗಳೇ ವಿರಳವಾಗಿದ್ದವು. 2014ರ ತಿದ್ದುಪಡಿಯಿಂದ ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸುಗಮವಾದರೂ, ಎಲ್ಲ ಔಷಧದಂಗಡಿಗಳಲ್ಲೂ ಅದು ಸಿಗುವುದಿಲ್ಲ. ಚತುರ್ವಿಧ ದಾನಗಳಲ್ಲಿ ಆಹಾರದಾನಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ರಥೋತ್ಸವದ ಅನ್ನಸಂತರ್ಪಣೆಗೆ ದಾನಿಗಳು ಸರದಿಯಲ್ಲಿ ನಿಲ್ಲುತ್ತಾರೆ. ಔಷಧದಾನದ ಹೆಸರಿನಲ್ಲಿ ಹೊಸನಗರ, ಸಾಗರ, ತೀರ್ಥಹಳ್ಳಿಗಳ ಸಮಾಜದವರು ಕೂಡಿ ಒಂದು ವಾಹನವನ್ನೂ ಒಬ್ಬ ದಾದಿಯ ಸಂಬಳವನ್ನೂ ಹೊರುವುದು ಅಸಾಧ್ಯವಲ್ಲ. ಊರಿಗೆ ಇಬ್ಬರಂತೆ ಯುವಕ ಯುವತಿಯರು ಮೈ ಹೊರಳಿಸುವುದನ್ನೂ, ಹುಣ್ಣು ತೊಳೆಯುವುದನ್ನೂ, ಮಾತ್ರೆಯ ವೇಳೆಯನ್ನು ಬರೆದಿಡುವುದನ್ನೂ ಕಲಿತರೆ, ಮಳೆಗಾಲದಲ್ಲಿ ಘಟ್ಟದ ರಸ್ತೆ ಮುಚ್ಚಿದ ದಿನಗಳಲ್ಲೂ ವೈದ್ಯರೊಡನೆ ದೂರವಾಣಿಯಲ್ಲಿ ಮಾತನಾಡಿ ಕೆಲಸ ನಡೆಸಬಹುದು.