ಹಿಡಿಸೂಡಿ ಯಾರ ಕೈಯಲ್ಲಿ?

ಹಳೆ ವಿದ್ಯಾರ್ಥಿಗಳ ಕೂಟಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ. "ನಾವೆಲ್ಲ ಶಾಲೆ ಗುಡಿಸಿ, ಬಾವಿಯಿಂದ ನೀರು ಸೇದಿ, ತೋಟ ಮಾಡಿ ಕಲಿತವರು. ನಮಗೇನಾಯಿತು? ಈಗಿನ ಮಕ್ಕಳ ಕೈಗೆ ಹಿಡಿಸೂಡಿ ಕೊಟ್ಟರೆ ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ." ಅರುವತ್ತು ದಾಟಿದವರು ಹೀಗೆ ಹೇಳಿದಾಗ ಚಪ್ಪಾಳೆ ಬೀಳುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಎಳೆಯ ತಂದೆತಾಯಿಗಳು ಮಾತ್ರ ಚಪ್ಪಾಳೆ ತಟ್ಟುವುದಿಲ್ಲ. ಮಗುವನ್ನು ಶಾಲೆಗೆ ಕಳಿಸುವುದು ಓದಲಿಕ್ಕೆ, ಗುಡಿಸಲಿಕ್ಕಲ್ಲ ಎಂಬುದು ಅವರ ಲೆಕ್ಕ.

ಎರಡು ಮಾತಿನಲ್ಲೂ ಹುರುಳಿದೆ. ಆದರೆ ಶಾಲೆ ಗುಡಿಸುವ ಸರದಿಯಲ್ಲಿ ಯಾರ ಹೆಸರಿತ್ತು, ಯಾರದ್ದು ಇರಲಿಲ್ಲ ಎಂದು ಎರಡು ಕಡೆಯವರೂ ಕೇಳುವುದಿಲ್ಲ. ಮಕ್ಕಳಿಂದ ಕೆಲಸ ಮಾಡಿಸುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅಲ್ಲೇ ಎಂದು ನನಗೆ ಅನಿಸುತ್ತದೆ.

ನಾನು ಹೈಸ್ಕೂಲು ಓದಿದ್ದು 1974ರಿಂದ 1977ರ ವರೆಗೆ, ಉಪ್ಪಿನಂಗಡಿಯ ಆಸುಪಾಸಿನಲ್ಲಿ. ಶಾಲೆಯ ಹೆಸರು ಇಲ್ಲಿ ಬೇಡ. ಹೇಳಹೊರಟದ್ದು ಆ ಕಾಲದ ಎಷ್ಟೋ ಶಾಲೆಗಳಿಗೆ ಹೊಂದುವ ಸಂಗತಿ. ನೇತ್ರಾವತಿ, ಕುಮಾರಧಾರಾ ನದಿಗಳು ಕೂಡುವಲ್ಲಿ, ಸಹಸ್ರಲಿಂಗೇಶ್ವರನ ಗುಡಿಯನ್ನು ಬಳಸಿ ಬೆಳೆದ ಪೇಟೆ ಅದು. ಮದ್ರಾಸು ಆಡಳಿತದ ಕಾಲದಲ್ಲಿ ಒಂದು ಇಡೀ ತಾಲ್ಲೂಕಿಗೆ ಅದರ ಹೆಸರಿತ್ತು. ಈಗ ಅದೇ ಪುತ್ತೂರು ತಾಲ್ಲೂಕಿನೊಳಗಿದೆ. ಸೇತುವೆಯಾಚೆಯ ನೆಕ್ಕಿಲಾಡಿಯಿಂದ, ಹಿರೇಬಂಡಾಡಿಯಿಂದ, ಹೊಳೆ ದಾಟಿ ಇಳಂತಿಲದ ಕಡೆಯಿಂದ ಮಕ್ಕಳು ನಡೆದೇ ಬರುತ್ತಿದ್ದರು. ಮಳೆಗಾಲದಲ್ಲಿ ಮೊದಲ ಪಿರಿಯಡ್ ಮುಗಿಯುವವರೆಗೆ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮನೆಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ, ಮಲಯಾಳ. ಶಾಲೆಯಲ್ಲಿ ಪುಸ್ತಕದ ಕನ್ನಡ. ಅದು ಹೆಚ್ಚುಕಡಿಮೆ ಯಾರ ಮನೆಯದೂ ಆಗಿರಲಿಲ್ಲ. ಆದ್ದರಿಂದ ಎಲ್ಲರೂ ಅಷ್ಟಿಷ್ಟು ತಡವರಿಸಿಯೇ ಮಾತಾಡುತ್ತಿದ್ದರು, ಯಾರೂ ಯಾರನ್ನೂ ಹೆಚ್ಚು ನಗುವಂತಿರಲಿಲ್ಲ. ಸಾಹಿತ್ಯ ಸಂಘದ ಚರ್ಚೆ, ಕೈಬರಹದ ಪತ್ರಿಕೆ, ವಾರ್ಷಿಕೋತ್ಸವದ ತಾಳಮದ್ದಳೆ, ಸಂಜೆಯ ವಾಲಿಬಾಲ್ ಎಲ್ಲ ನಡೆಯುತ್ತಿದ್ದದ್ದು ಇದೇ ತಡವರಿಕೆಯ ಮೇಲೆ.

ತರಗತಿಯ ಬಾಗಿಲ ಹಿಂದೆ ಒಂದು ಹಾಳೆ ತೂಗುತ್ತಿತ್ತು. ಅದು ಸರದಿ ಪಟ್ಟಿ. ವಾರಕ್ಕೊಂದು ಗುಂಪು. ಒಂದು ಗುಂಪು ಬೆಂಚು ಸರಿಸಿ ಕ್ಲಾಸು ಗುಡಿಸಬೇಕು, ಇನ್ನೊಂದು ಬಾವಿಯಿಂದ ನೀರು ಸೇದಿ ಜಗಲಿಯ ಮಣ್ಣಿನ ಕೊಡ ತುಂಬಬೇಕು, ಮತ್ತೊಂದು ಅಲಸಂಡೆ, ಬೆಂಡೆ, ಹರಿವೆಯ ಸಾಲಿಗೆ ನೀರು ಹಾಕಬೇಕು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಶ್ರಮದಾನ. ಗುಡ್ಡ ಕಡಿದು, ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮಾಡಿದ ವಾಲಿಬಾಲ್ ಅಂಕಣದಲ್ಲಿ ಮೂರು ವರ್ಷ ಆಡಿದೆವು.

ಪಟ್ಟಿಯಿಂದ ಏನಾಗುತ್ತಿತ್ತು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚಿನಲ್ಲಿ. ನಮ್ಮ ಕಡೆ ಆ ದಿನಗಳಲ್ಲಿ ಎಲ್ಲರ ಬಾಯಲ್ಲಿದ್ದ ಶಬ್ದ 'ಡಿಕ್ಲರೇಶನ್'. ಒಕ್ಕಲು ಡಿಕ್ಲರೇಶನ್ ಕೊಟ್ಟರೆ ಧನಿಗಳ ಮನೆಗೂ ಒಕ್ಕಲಿನ ಮನೆಗೂ ಮಾತು ನಿಲ್ಲುತ್ತಿತ್ತು. ನಮ್ಮ ಕ್ಲಾಸಿನಲ್ಲಿ ಅಂಥ ಎರಡು ಮನೆಗಳ ಹುಡುಗರಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಅಕ್ಕಪಕ್ಕ ಬರುತ್ತಿದ್ದುದರಿಂದ ಇಬ್ಬರೂ ಒಂದೇ ಗುಂಪು. ಧನಿಗಳ ಮನೆಯ ಅಂಗಳದಲ್ಲಿ ಒಕ್ಕಲಿನ ಹುಡುಗ ನಿಂತು ಮಾತಾಡಬೇಕು, ತುಳುವಿನಲ್ಲಿ 'ಈರ್' ಎಂದು ಬಹುವಚನ ಹಾಕಬೇಕು. ಕ್ಲಾಸಿನಲ್ಲಿ ಅವನೇ ಇವನಿಗೆ ಹಿಡಿಸೂಡಿ ಹಿಡಿಯುವುದನ್ನು ಕಲಿಸಿದ. "ಹಾಗಲ್ಲ, ಬಗ್ಗಿ ಗುಡಿಸು, ಧೂಳು ಏಳುವುದಿಲ್ಲ" ಎಂದು ಹೇಳಿದ್ದು 'ಈ' ಎಂಬ ಏಕವಚನದಲ್ಲಿ. ಧನಿಗಳ ಮಗ ಬಗ್ಗಿ, ಒಕ್ಕಲಿನ ಮಗ ಕೂರುವ ಬೆಂಚಿನ ಅಡಿಯ ಕಸ ತೆಗೆದ. ಯಾವ ಭಾಷಣವೂ ಇಲ್ಲದೆ ಆದ ಕೆಲಸ ಇದು. ಪಟ್ಟಿಯಲ್ಲಿ ಹೆಸರಿತ್ತು, ಅಷ್ಟೇ.

ಅದೇ ವರ್ಷದ ಮಳೆಗಾಲದಲ್ಲಿ ದೊಡ್ಡ ನೆರೆ ಬಂತು. ಹಿರಿಯರು 1923ರ ನೆರೆಯ ಜತೆ ಹೋಲಿಸಿ ಮಾತಾಡಿದ ನೆರೆ ಅದು. ನೀರು ಇಳಿದ ಮೇಲೆ ದೊಡ್ಡ ಹುಡುಗರೆಲ್ಲ ಬಾಲ್ದಿ, ಗುದ್ದಲಿ ಹಿಡಿದು ಕೆಸರು ತೆಗೆಯಲು ಹೋದರು. ಆಗ ಪಟ್ಟಿ ಇರಲಿಲ್ಲ, ಜಾತಿಯೂ ಇದ್ದಂತೆ ಕಾಣಲಿಲ್ಲ. ಒಂದೇ ಪಾತ್ರೆಯ ಗಂಜಿ ಎಲ್ಲರೂ ಉಂಡರು. ವಾರ ಕಳೆದು ಅಂಗಡಿಗಳು ತೆರೆದಾಗ ಎಲ್ಲ ಮೊದಲಿನಂತಾಯಿತು. ಆಪತ್ತು ತರುವ ಸಮಾನತೆ ಆಪತ್ತಿನ ಜತೆಗೇ ಹೋಗುತ್ತದೆ. ಸೋಮವಾರ ಸೋಮವಾರ ಬರುವ ಬೇಸರದ ಸರದಿ ಹಾಗಲ್ಲ. ಅದಕ್ಕೆ ಉತ್ಸಾಹ ಬೇಡ, ಒಳ್ಳೆಯ ಮನಸ್ಸೂ ಬೇಡ. ಬೇಕಾದ್ದು ವಿನಾಯಿತಿ ಇಲ್ಲದ ಒಂದು ಕ್ರಮ.

ಆದರೆ ಆ ಕ್ರಮದಲ್ಲಿ ವಿನಾಯಿತಿಗಳಿದ್ದವು. ಹಳೆ ವಿದ್ಯಾರ್ಥಿಗಳ ಭಾಷಣದಲ್ಲಿ ಬಿಟ್ಟುಹೋಗುವ ಭಾಗ ಇದೇ.

ಮೊದಲನೆಯದು ಹುಡುಗಿಯರದ್ದು. ಪಟ್ಟಿಯಲ್ಲಿ ಹುಡುಗ ಹುಡುಗಿಯರ ಹೆಸರು ಒಟ್ಟಿಗೇ ಇರುತ್ತಿದ್ದರೂ, ವರ್ಷದ ಅರ್ಧ ಕಳೆಯುವಷ್ಟರಲ್ಲಿ ಗುಡಿಸುವುದು ಹುಡುಗಿಯರ ಪಾಲಿಗೂ ಬೆಂಚು ಸರಿಸುವುದು ಹುಡುಗರ ಪಾಲಿಗೂ ಬಂದುಬಿಡುತ್ತಿತ್ತು. ಬೆಂಚು ಸರಿಸುವುದು ಎರಡು ನಿಮಿಷದ ಕೆಲಸ. ಉಳಿದ ಹೊತ್ತು ಹುಡುಗರು ಮೈದಾನದಲ್ಲಿ. ಮನೆಯಲ್ಲಿ ಗುಡಿಸಿ ಬಂದವಳು ಶಾಲೆಯಲ್ಲೂ ಗುಡಿಸಿದರೆ ಅದರಿಂದ ಅವಳು ಹೊಸದಾಗಿ ಕಲಿತದ್ದೇನು?

ಎರಡನೆಯದು ನೀರಿನದ್ದು. ನಮ್ಮ ಕ್ಲಾಸಿನ ಇಬ್ಬರು ದಲಿತ ಹುಡುಗರ ಹೆಸರು ತೋಟದ ಸರದಿಯಲ್ಲಿ ಬರುತ್ತಿತ್ತು, ಹುಲ್ಲು ಕೀಳುವ ಸರದಿಯಲ್ಲಿ ಬರುತ್ತಿತ್ತು. ಕುಡಿಯುವ ನೀರಿನ ಸರದಿಯಲ್ಲಿ ಬರುತ್ತಿರಲಿಲ್ಲ. ಬೇಡವೆಂದು ಯಾರೂ ಹೇಳಿದ್ದಿಲ್ಲ. ಬರೆದದ್ದೂ ಇಲ್ಲ. ಸಂವಿಧಾನ ಬಂದು ಕಾಲು ಶತಮಾನ ಆಗಿತ್ತು. ಹದಿನೇಳನೆಯ ವಿಧಿಯನ್ನು ನಾವು ಸಮಾಜ ಪಾಠದಲ್ಲಿ ಬಾಯಿಪಾಠ ಮಾಡಿ ಅಂಕವನ್ನೂ ಪಡೆದಿದ್ದೆವು.

ಒಂಬತ್ತನೆಯ ತರಗತಿಯ ಕೊನೆಗೆ ಘಟ್ಟದ ಮೇಲಿನಿಂದ ವಿಜ್ಞಾನದ ಮಾಸ್ಟ್ರೊಬ್ಬರು ವರ್ಗವಾಗಿ ಬಂದರು. ಪಟ್ಟಿ ಬರೆಯುವ ಕೆಲಸ ಅವರಿಗೆ ಬಿತ್ತು. ಅವರು ಹಾಜರಿ ಪುಸ್ತಕದ ನಂಬರು ನೋಡಿ ಒಂದರಿಂದ ಕೊನೆಯವರೆಗೆ ಸಾಲಾಗಿ ಬರೆದರು. ಆ ಹುಡುಗರಲ್ಲಿ ಒಬ್ಬನ ಹೆಸರು ನೀರಿನ ಸರದಿಗೆ ಬಂತು. ಆ ಸೋಮವಾರ ಅವನು ಕೊಡ ತುಂಬಿದ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಕೆಲವರ ಚೀಲದಿಂದ ಮನೆಯ ನೀರಿನ ಬಾಟ್ಲಿ ಹೊರಬಂತು. ಸಂಜೆಗೆ ಕೊಡ ಮುಕ್ಕಾಲು ತುಂಬಿಯೇ ಇತ್ತು. ಮರುದಿನ ಮಾಸ್ಟ್ರು ಜಗಲಿಗೆ ಬಂದು, ಎಲ್ಲರೂ ನೋಡುತ್ತಿದ್ದಂತೆ ಅದೇ ಕೊಡದಿಂದ ಒಂದು ಲೋಟ ಕುಡಿದು, ಏನೂ ಹೇಳದೆ ಹೋದರು. ಪ್ರತಿದಿನ ಹಾಗೆಯೇ ಮಾಡಿದರು. ಅದು ಮಾರ್ಚಿನ ಸೆಕೆ. ಎರಡು ಮೈಲಿ ದೂರದಿಂದ ಬಾಟ್ಲಿ ಹೊತ್ತು ತರುವ ಹಟ ಹೆಚ್ಚು ದಿನ ನಿಲ್ಲಲಿಲ್ಲ. ತಿಂಗಳೊಳಗೆ ಕೊಡ ಎಂದಿನಂತೆ ಖಾಲಿಯಾಗತೊಡಗಿತು.

ಇದನ್ನು ದೊಡ್ಡ ಗೆಲುವೆಂದು ಹೇಳಲಾರೆ. ಅಂಬೇಡ್ಕರ್ ಬಾಲ್ಯದಲ್ಲಿ ಸಾತಾರದ ಶಾಲೆಯಲ್ಲಿ ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ಮಾತ್ರ ನೀರು, ಅವನಿಲ್ಲದ ದಿನ ಬಾಯಾರಿಕೆ. 1890ರ ದಶಕದಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಂತ ಜನರಿಂದಲೇ ಬಹಿಷ್ಕಾರ ಎದುರಿಸಿದರು. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ದಾರಿಯಲ್ಲಿ ಗಾಂಧೀಜಿ ಪುತ್ತೂರಿಗೇ ಬಂದು ಹೋಗಿದ್ದರು. ಇಷ್ಟೆಲ್ಲ ಆದ ಮೇಲೂ, ಪುತ್ತೂರಿನಿಂದ ಹನ್ನೆರಡು ಕಿಲೋಮೀಟರ್ ಆಸುಪಾಸಿನಲ್ಲಿ, 1976ರಲ್ಲಿ, ಒಂದು ಕೊಡ ನೀರಿಗೆ ಹಾಜರಿ ಪುಸ್ತಕದ ನಂಬರಿನ ಆಸರೆ ಬೇಕಾಯಿತು.

ಮೂರನೆಯದು ಕಕ್ಕಸಿನದ್ದು. ಅದಕ್ಕೆ ಪಟ್ಟಿಯೇ ಇರಲಿಲ್ಲ. ವಾರಕ್ಕೆರಡು ಬಾರಿ ಒಬ್ಬ ಹೆಂಗಸು ಬಂದು ತೊಳೆದು ಹೋಗುತ್ತಿದ್ದಳು. ಅವಳ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶ್ರಮದ ಗೌರವದ ಬಗ್ಗೆ ಪ್ರಬಂಧ ಬರೆದು ಬಹುಮಾನ ಪಡೆಯುತ್ತಿದ್ದ ಶಾಲೆಯಲ್ಲಿ ಎಲ್ಲಕ್ಕಿಂತ ಕಷ್ಟದ ಶ್ರಮ ಪಟ್ಟಿಯ ಹೊರಗಿತ್ತು.

ನೀರು ಸೇದಿದ ಆ ಸಹಪಾಠಿ ಮುಂದೆ ಸರಕಾರಿ ನೌಕರಿ ಮಾಡಿ ನಿವೃತ್ತನಾದ. ಅವನೊಡನೆ ಈ ವಿಷಯ ಹಲವು ಸಲ ಮಾತಾಡಿದ್ದೇನೆ. ಮಕ್ಕಳು ಸರದಿಯಲ್ಲಿ ಶಾಲೆ ಗುಡಿಸುವುದು ಒಳ್ಳೆಯದೆಂಬ ನನ್ನ ಮಾತಿಗೆ ಅವನ ಒಪ್ಪಿಗೆಯಿಲ್ಲ. "ನಿನಗೆ ಹಿಡಿಸೂಡಿ ಒಂದು ಪಾಠ. ನಮ್ಮ ಅಜ್ಜಿಗೆ ಅದು ಇಡೀ ಆಯುಷ್ಯ. ನನ್ನ ಮೊಮ್ಮಗಳು ಆ ಪಾಠ ಕಲಿಯದಿದ್ದರೂ ನಡೆಯುತ್ತದೆ ಮಾರಾಯ" ಎನ್ನುತ್ತಾನೆ. ಈ ಮಾತಿಗೆ ಸುಲಭದ ಉತ್ತರ ನನ್ನಲ್ಲಿಲ್ಲ. ಕಸ ತೆಗೆಯುವುದು ಪುಣ್ಯದ ಕೆಲಸವೆಂದು ಹೊಗಳುವುದು, ತಲೆಮಾರುಗಳಿಂದ ಅದನ್ನೇ ಮಾಡುತ್ತಿರುವವರನ್ನು ಅಲ್ಲೇ ಉಳಿಸುವ ಉಪಾಯ ಎಂದು ಅಂಬೇಡ್ಕರ್ ಗಾಂಧಿಯನ್ನು ಟೀಕಿಸಿದ್ದರು. ಕೈಕೆಲಸದ ಮೂಲಕವೇ ಶಿಕ್ಷಣವೆಂದು 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧಿ ಮುಂದಿಟ್ಟ ವಿಚಾರ ಸುಂದರವಾದದ್ದು. ಆದರೆ ಕೆಲಸಕ್ಕೂ ಜಾತಿಗೂ ಗಂಟು ಹಾಕಿದ ಊರಿನಲ್ಲಿ, ಅದೇ ಹಿಡಿಸೂಡಿ ಒಬ್ಬ ಹುಡುಗನ ಕೈಯಲ್ಲಿ ಶಿಕ್ಷಣವಾಗಿ, ಪಕ್ಕದವನ ಕೈಯಲ್ಲಿ ಹಳೆಯ ಹಣೆಬರಹವಾಗಿ ಕಾಣುತ್ತದೆ.

ಜಪಾನಿನ ಶಾಲೆಗಳ ವೀಡಿಯೋ ನಮ್ಮ ವಾಟ್ಸಾಪ್ ಗುಂಪಿಗೆ ಆಗಾಗ ಬರುತ್ತದೆ. ಅಲ್ಲಿ ಮಕ್ಕಳು ದಿನವೂ ತರಗತಿ, ಜಗಲಿ ಒರೆಸುತ್ತಾರೆ, ಎಷ್ಟೋ ಶಾಲೆಗಳಲ್ಲಿ ಶೌಚಾಲಯವನ್ನೂ ತೊಳೆಯುತ್ತಾರೆ. ನಮ್ಮಲ್ಲಿ ಯಾಕಿಲ್ಲ ಎಂದು ಕೇಳುವವರು 2023ರ ಡಿಸೆಂಬರನ್ನು ನೆನಪಿಸಿಕೊಳ್ಳಬೇಕು. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಆಗ ಬಂತು. ಇಳಿದವರು ದಲಿತ ಮಕ್ಕಳು. ಆ ಬಳಿಕ ಮಕ್ಕಳಿಂದ ಶೌಚಾಲಯ ತೊಳೆಸಬಾರದೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಆ ಸುತ್ತೋಲೆ ಸರಿ. ಎಲ್ಲರ ಹೆಸರೂ ಬರುವ ಪಟ್ಟಿಯೊಂದನ್ನು ನಾವು ಬರೆಯುತ್ತೇವೆಂಬ ನಂಬಿಕೆ ಹುಟ್ಟಿಸುವವರೆಗೆ, ಬೇಡವೆನ್ನುವ ಕಾನೂನೇ ಮಕ್ಕಳಿಗೆ ರಕ್ಷಣೆ.

ಹಾಗಂತ ಮಕ್ಕಳು ಏನೂ ಮಾಡದಿರುವುದೇ ಗೌರವ ಎಂದು ಹೇಳಲೂ ಆಗುವುದಿಲ್ಲ. ಇಂದಿನ ಎಷ್ಟೋ ಖಾಸಗಿ ಶಾಲೆಗಳಲ್ಲಿ ಮಕ್ಕಳು ಬೀಳಿಸಿದ ಕಾಗದವನ್ನು ಆಯಾ ಹೆಕ್ಕುತ್ತಾಳೆ. ಹತ್ತು ವರ್ಷ ಅದನ್ನು ನೋಡಿ ಬೆಳೆದ ಮಗುವೂ ಒಂದು ಪಾಠ ಕಲಿಯುತ್ತದೆ: ಬೀಳಿಸುವವರು ಬೇರೆ, ಹೆಕ್ಕುವವರು ಬೇರೆ. ನಮ್ಮ ಶಾಲೆಯ ಕಕ್ಕಸಿನ ಪಾಠಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಸಹಪಾಠಿಗೆ ನಾನು ಹೇಳುವುದು ಇಷ್ಟೇ: ನಿನ್ನ ಮೊಮ್ಮಗಳು ಗುಡಿಸದಿರಲಿ. ಆದರೆ ಧನಿಗಳ ಮೊಮ್ಮಗ ಗುಡಿಸದೆ ಪಾಸಾದರೆ ನಷ್ಟ ಯಾರಿಗೆ? ಅವನು ನಗುತ್ತಾನೆ, "ಅವನಿಗೆ ಬೇಕಾದರೆ ಎರಡು ಸರದಿ ಕೊಡು" ಎನ್ನುತ್ತಾನೆ. ತಮಾಷೆಯಂತೆ ಕಂಡರೂ ಅದರಲ್ಲಿ ನ್ಯಾಯವಿದೆ. ಶತಮಾನಗಳಿಂದ ವಿನಾಯಿತಿ ಪಡೆದವರ ಹೆಸರು ಮೊದಲು ಬರೆಯಬೇಕಲ್ಲವೇ?

ಆದ್ದರಿಂದ ನನ್ನ ಮಟ್ಟಿಗೆ ಪರೀಕ್ಷೆ ಒಂದೇ. ಕೆಲಸ ಯಾವುದು, ಎಷ್ಟು ಎಂದು ಕೇಳುವ ಮೊದಲು, ಯಾರಿಗೆ ವಿನಾಯಿತಿ ಎಂದು ಕೇಳಬೇಕು. ಆ ಸಾಲಿನಲ್ಲಿ ಒಂದು ಜಾತಿಯೋ, ಹುಡುಗರೋ, ಫೀಸು ಹೆಚ್ಚು ಕೊಟ್ಟವರೋ, ಮಾಸ್ಟ್ರುಗಳೋ ಸಿಕ್ಕಿದರೆ ಆ ಕೆಲಸವನ್ನು ಮಕ್ಕಳಿಂದ ಮಾಡಿಸುವ ಹಕ್ಕು ಶಾಲೆಗಿಲ್ಲ. ಯಾರೂ ಸಿಗದಿದ್ದರೆ ಹಿಡಿಸೂಡಿ ಯಾವ ಪುಸ್ತಕಕ್ಕೂ ಕಡಿಮೆಯಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಮಂದಿ ಸೇರಿ ಇರುವವರು. ಅಲ್ಲಿಯೂ ಒಂದು ಪಟ್ಟಿ ಇದ್ದೇ ಇದೆ, ಗೋಡೆಯ ಮೇಲೆ ಇಲ್ಲದಿದ್ದರೆ ರೂಢಿಯಲ್ಲಿ. ಪಾತ್ರೆ ಯಾವಾಗಲೂ ಯಾರು ತೊಳೆಯುತ್ತಾರೆ, ಕಸದ ಚೀಲ ಯಾರು ಕೆಳಗೆ ಒಯ್ಯುತ್ತಾರೆ, ಬಚ್ಚಲಿನ ಕಡೆ ಯಾರು ತಿರುಗಿಯೂ ನೋಡುವುದಿಲ್ಲ? ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಹೆಸರುಗಳನ್ನು ಮಾತ್ರ ಆ ಮಾಸ್ಟ್ರು ಬರೆದಂತೆ ಬರೆಯಿರಿ, ಒಂದನೇ ನಂಬರಿನಿಂದ ಶುರುಮಾಡಿ, ಯಾರನ್ನೂ ಬಿಡದೆ.