ಒಂದೇ ಹೆಸರಿನ ಉತ್ತರ

ಎವರೆಸ್ಟನ್ನು ಮೊದಲು ಏರಿದವರು ಯಾರು? ಸಾಮಾನ್ಯ ಜ್ಞಾನದ ಪುಸ್ತಕಗಳ ಈ ಪ್ರಶ್ನೆಗೆ ನಮ್ಮ ಮಕ್ಕಳು ಬಾಯಿಪಾಠ ಮಾಡಿದ ಉತ್ತರ ಒಪ್ಪಿಸುತ್ತಾರೆ. ತಪ್ಪೇನಿಲ್ಲ. ಆದರೆ ಸರಿಯುತ್ತರವೆಲ್ಲ ನ್ಯಾಯದ ಉತ್ತರವೂ ಆಗಿರುತ್ತದೆಯೇ?

1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಒಂದೇ ಹಗ್ಗ ಕಟ್ಟಿಕೊಂಡು ಶಿಖರ ತಲುಪಿದರು. ಕೆಳಗಿಳಿದೊಡನೆ ಜನ ಕೇಳಿದ್ದು, ಮೊದಲು ಕಾಲಿಟ್ಟವರು ಯಾರೆಂದು. ಪ್ರತಿಯೊಂದು ದೇಶಕ್ಕೂ ತನ್ನವನೇ ಮೊದಲಿಗನಾಗಬೇಕಿತ್ತು. ಬಹುತೇಕ ಒಟ್ಟಿಗೇ ತಲುಪಿದೆವೆಂದು ಇಬ್ಬರೂ ಹೇಳಿದರು. ಕೊನೆಗೆ 1955ರ ತಮ್ಮ ಆತ್ಮಕಥೆಯಲ್ಲಿ ತೇನ್‌ಸಿಂಗರೇ, ಮೊದಲು ಹೆಜ್ಜೆಯಿಟ್ಟವರು ಹಿಲರಿ ಎಂದು ತಿಳಿಸಿದರು. ಸಾಕ್ಷ್ಯವನ್ನು ಬಚ್ಚಿಡಬಾರದೆಂಬುದು ಕುರ್‌ಆನಿನ ಆದೇಶ. ತನ್ನ ಕೀರ್ತಿಗೆ ಕುಂದು ತರಬಹುದಾದ ಸಾಕ್ಷ್ಯವನ್ನು ತಾನೇ ನುಡಿಯುವವರು ನಮ್ಮಲ್ಲಿ ಎಷ್ಟು ಮಂದಿ?

ಶಿಖರದ ಹೆಸರಿನ ಕಥೆಯೂ ವಿಚಿತ್ರವೇ. ಇದೇ ಅತ್ಯುನ್ನತವೆಂದು 1852ರಲ್ಲಿ ಲೆಕ್ಕ ಹಾಕಿದ ಕೀರ್ತಿ ಬಂಗಾಳದ ರಾಧಾನಾಥ ಸಿಕ್ದರ್ ಅವರಿಗೆ ಸಲ್ಲುತ್ತದೆ. ಆದರೆ 1865ರಲ್ಲಿ ಅಂಗೀಕಾರವಾದದ್ದು 1843ರಲ್ಲೇ ನಿವೃತ್ತರಾಗಿದ್ದ ಜಾರ್ಜ್ ಎವರೆಸ್ಟರ ಹೆಸರು. ಅದೂ ಅವರೇ ಆಕ್ಷೇಪ ಎತ್ತಿದ ಮೇಲೆ! ಟಿಬೆಟಿನವರು ಅದನ್ನು ಚೋಮೊಲುಂಗ್ಮಾ ಎಂದು ಮೊದಲೇ ಕರೆಯುತ್ತಿದ್ದರು.

ಒಂದಂಕದ ಪ್ರಶ್ನೆಗೆ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಪ್ರಶ್ನೆಪತ್ರಿಕೆಯಲ್ಲಿ ಜಾಗವಿಲ್ಲದಿರಬಹುದು, ಮನೆಯಲ್ಲಿ ಇದೆಯಲ್ಲ. ಮಕ್ಕಳು ಉತ್ತರ ಒಪ್ಪಿಸಿದ ಬಳಿಕ, ಹೊರೆ ಹೊತ್ತವರು ಯಾರೆಂದು ನಾವು ಕೇಳಬಹುದು. ಆ ವರ್ಷದ ತಂಡದ ಸಾಮಾನು ಹೊರಲು 350ಕ್ಕೂ ಹೆಚ್ಚು ಕೂಲಿಯಾಳುಗಳಿದ್ದರು.