ಅನ್ನ, ಬಟ್ಟೆ ಮತ್ತು ಒಳ್ಳೆಯ ಮಾತು

ಬುದ್ಧಿ ಪೂರ್ತಿ ಬೆಳೆಯದ ಮಗನನ್ನೋ ಮಗಳನ್ನೋ ಬೇರೆಯವರು ನಡೆಸುವ ವಸತಿಗೃಹದಲ್ಲಿ ಬಿಡುವುದು ತಪ್ಪೇ? ತಪ್ಪಲ್ಲವಾದರೆ, ಎಂತಹ ಮನೆಯಲ್ಲಿ ಬಿಡಬಹುದು? ತಲಾಕ್, ಬಡ್ಡಿ, ಚಂದ್ರದರ್ಶನದ ಬಗ್ಗೆ ಮೌಲವಿಗಳನ್ನು ಕೇಳುವವರು ಬಹಳ ಮಂದಿ. ಈ ಪ್ರಶ್ನೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಹೆತ್ತವರಿಗೇ ಕರುಣೆಯಿಲ್ಲ ಎಂದು ಜನ ಆಡಿಕೊಳ್ಳುತ್ತಾರೆಂಬ ಭಯ.

ನಂದಿದುರ್ಗ ಗಣಿಯ ಲೈನುಗಳಲ್ಲಿ ಒಮ್ಮೆ ನಡೆದು ನೋಡಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಗಂಡಸರು ಪಾಳಿಯ ಮೇಲೆ ದುಡಿಯುತ್ತಿದ್ದರು. ಗೋಡೆಗೆ ಗೋಡೆ ತಾಗಿದ ಸಾಲು ಮನೆಗಳಲ್ಲಿ ಹಗಲೆಲ್ಲ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಮಾತು ತೊದಲುವ, ಲೆಕ್ಕ ತಿಳಿಯದ ಹುಡುಗನೊಬ್ಬ ಬಾಗಿಲಲ್ಲಿ ಕುಳಿತರೆ ಹತ್ತು ಕಣ್ಣುಗಳು ಅವನನ್ನು ಕಾಯುತ್ತಿದ್ದವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಮುಂಜಾನೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮರಳುವವರು ಸಾವಿರಾರು ಮಂದಿ. ಮನೆಯಲ್ಲಿ ಉಳಿಯುವುದು ಮುದಿ ತಾಯಿ ಮತ್ತು ಅವಳ ನಲವತ್ತು ವರ್ಷದ 'ಮಗು'. ಮಗ ತನಗಿಂತ ಒಂದು ದಿನ ಮುಂಚೆ ಹೋಗಲಿ ಎಂದು ದುಆ ಮಾಡುವ ತಾಯಂದಿರಿದ್ದಾರೆ. ಅದು ಅವರ ಈಮಾನಿನ ಕೊರತೆಯಲ್ಲ, ನೆರೆಹೊರೆಯವರಾದ ನಮ್ಮ ಕೊರತೆ.

ಆದುದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ನೇರ: ಬಿಡುವುದು ತಪ್ಪಲ್ಲ. ಪ್ರವಾದಿವರ್ಯರು(ಸ) ಶೈಶವದಲ್ಲಿ ಬನೂ ಸಅದ್ ಗೋತ್ರದ ಹಲೀಮಾರ ಮನೆಯಲ್ಲಿ ಬೆಳೆದವರು. ಮಗುವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ನಮ್ಮ ಇತಿಹಾಸಕ್ಕೆ ಹೊಸತಲ್ಲ. ಆದರೆ ಒಪ್ಪಿಸಿದ್ದು ಅಮಾನತ್ತು. ಅದರ ವಿಚಾರಣೆಯಿಂದ ಕೊಟ್ಟವನೂ ಪಾರಾಗಲಾರ, ಪಡೆದವನೂ ಪಾರಾಗಲಾರ.

ಎರಡನೆಯ ಪ್ರಶ್ನೆಗೆ ಪವಿತ್ರ ಕುರ್‌ಆನಿನ ಸೂರಾ ಅನ್ನಿಸಾದ 5ನೇ ವಚನವನ್ನು ತೆರೆದು ನೋಡಿ. ಸ್ವಂತ ವ್ಯವಹಾರ ನಡೆಸುವಷ್ಟು ತಿಳುವಳಿಕೆ ಇಲ್ಲದವರ ಕೈಗೆ ಸಂಪತ್ತನ್ನು ಒಪ್ಪಿಸಬಾರದೆಂದು ಹೇಳಿದ ಬೆನ್ನಿಗೇ ಅಲ್ಲಾಹನು ಮೂರು ಹೊಣೆಗಳನ್ನು ಇಟ್ಟಿದ್ದಾನೆ: ಅವರಿಗೆ ಉಣಿಸಬೇಕು, ಉಡಿಸಬೇಕು, ಅವರೊಡನೆ ಒಳ್ಳೆಯ ಮಾತನ್ನು ಆಡಬೇಕು. ಅರಬಿ ಬಲ್ಲವರಿಗೆ ಇಲ್ಲಿ ಇನ್ನೊಂದು ಸೂಕ್ಷ್ಮ ಕಾಣುತ್ತದೆ. 'ಆ ಸಂಪತ್ತಿನಿಂದ' ಎನ್ನುವ ಕಡೆ 'ಆ ಸಂಪತ್ತಿನಲ್ಲಿ' ಎಂಬ ಪದ ಬಂದಿದೆ. ಮೂಲಧನವನ್ನು ಕರಗಿಸದೆ, ಅದನ್ನು ಬೆಳೆಸಿ, ಬಂದ ಲಾಭದಿಂದ ಅವರನ್ನು ನೋಡಿಕೊಳ್ಳಿರಿ ಎಂಬ ಸೂಚನೆಯನ್ನು ವ್ಯಾಖ್ಯಾನಕಾರರು ಅದರಿಂದ ಹೊರತೆಗೆದಿದ್ದಾರೆ. ಅಂದರೆ ಈ ಮಾತು ಒಂದು ದಿನದ ದಾನದ ಕುರಿತಾದುದಲ್ಲ, ಅವರ ಇಡೀ ಆಯುಷ್ಯದ ಏರ್ಪಾಡಿನ ಕುರಿತಾದುದು.

ನಾವು ಮಾಡುವುದೇನು? ರಮಝಾನಿನಲ್ಲೋ ಮನೆಯ ಮದುವೆಯ ದಿನವೋ ಒಂದು ಡೇಗು ಬಿರಿಯಾನಿಯನ್ನು ಇಂತಹ ಮನೆಗೆ ಕಳುಹಿಸುತ್ತೇವೆ. ಅಲ್ಲಿರುವವರನ್ನು ಸಾಲಾಗಿ ಕೂರಿಸುತ್ತಾರೆ, ನಾವು ಬಡಿಸುತ್ತೇವೆ, ಒಂದು ಫೋಟೊ ತೆಗೆಯುತ್ತೇವೆ. ಅದೇ ದಿನ ಇನ್ನಿಬ್ಬರು ದಾನಿಗಳೂ ಬಿರಿಯಾನಿ ತಂದಿದ್ದರೆ ಅರ್ಧ ಚರಂಡಿಗೆ ಹೋಗುತ್ತದೆ. ಅನ್ನವಾಯಿತು, ಹಳೆಯ ಬಟ್ಟೆಯ ಗಂಟೂ ಆಯಿತು. ಮೂರನೆಯದು, ಒಳ್ಳೆಯ ಮಾತು, ಎಲ್ಲಿ ಹೋಯಿತು?

ಒಳ್ಳೆಯ ಮಾತೆಂದರೆ ಬರಿಯ ಸಿಹಿಮಾತು ಎಂದು ತಿಳಿಯಬೇಡಿ. ಒಂದು ಮನೆಯೊಳಗೆ ಅದು ಸಣ್ಣ ಸಣ್ಣ ಸಂಗತಿಗಳಲ್ಲಿ ಕಾಣಿಸುತ್ತದೆ. ಅಲ್ಲಿರುವವನನ್ನು ಹೆಸರು ಹಿಡಿದು ಕರೆಯುತ್ತಾರೋ, 'ಏ ಪೆದ್ದ' ಎನ್ನುತ್ತಾರೋ? ಅವನ ಅಂಗಿ ಅವನದೇ ಆಗಿದೆಯೋ, ಒಗೆದು ಬಂದ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಅವನಿಗೆ ತೊಡಿಸುತ್ತಾರೋ? ಬಚ್ಚಲಿಗೆ ಬಾಗಿಲಿದೆಯೋ? ಹೆಣ್ಣುಮಕ್ಕಳಿಗೆ ಸ್ನಾನ ಮಾಡಿಸುವವರು ಹೆಂಗಸರೋ? ಗಲಾಟೆ ಮಾಡಿದವನಿಗೆ ನಿದ್ದೆಗುಳಿಗೆ ಕೊಡುವ ಮೊದಲು, ಅವನಿಗೆ ಹಲ್ಲುನೋವಿದೆಯೋ ಎಂದು ಯಾರಾದರೂ ಬಾಯಿ ತೆರೆಸಿ ನೋಡಿದರೋ? ಚಹ ಬೇಕೇ, ಹಾಲು ಬೇಕೇ ಎಂದು ಕೇಳಿ, ಅವನ ಬೆರಳು ತೋರಿಸುವವರೆಗೆ ಕಾಯುವ ತಾಳ್ಮೆ ಆಯಾಗೆ ಇದೆಯೋ? ಇಪ್ಪತ್ತು ಜನರಿಗೆ ಒಬ್ಬಳೇ ಆಯಾ ಆಗಿದ್ದು, ಅವಳ ಸಂಬಳವೂ ಎರಡು ತಿಂಗಳಿಂದ ಬಾಕಿ ಇದ್ದರೆ ಆ ತಾಳ್ಮೆ ಎಲ್ಲಿಂದ ಬರಬೇಕು? ಬಿರಿಯಾನಿಯ ಹಣದಲ್ಲಿ ಅರ್ಧವನ್ನು ಅವಳ ಸಂಬಳಕ್ಕೆ ಕೊಟ್ಟವರನ್ನು ನಾನಂತೂ ಇನ್ನೂ ಕಂಡಿಲ್ಲ.

'ಬುದ್ಧಿಯೇ ಇಲ್ಲದವನಿಗೆ ಆಯ್ಕೆ ಏತಕ್ಕೆ?' ಎಂದು ನೀವು ಕೇಳಬಹುದು. ಮೂವರ ಮೇಲಿಂದ ಲೇಖನಿ ಎತ್ತಲ್ಪಟ್ಟಿದೆ ಎಂಬ ಹದೀಸನ್ನೂ ಕೆಲವರು ಮುಂದಿಡುತ್ತಾರೆ: ನಿದ್ರಿಸಿದವನು, ಪ್ರಾಯ ತುಂಬದ ಮಗು, ಬುದ್ಧಿ ತಪ್ಪಿದವನು. ನಿಜ, ಅವನಿಗೆ ಪಾಪ ಬರೆಯಲಾಗುವುದಿಲ್ಲ. ಆದರೆ ಲೇಖನಿ ಎತ್ತಲ್ಪಟ್ಟಿರುವುದು ಅವನ ಹೊಣೆಯ ಮೇಲಿಂದ, ಅವನ ಹಕ್ಕಿನ ಮೇಲಿಂದಲ್ಲ. ನೋಡಿಕೊಳ್ಳುವವನ ಲೆಕ್ಕದಲ್ಲಿ ಅದು ಬರೆಯುತ್ತಲೇ ಇದೆ. ಇನ್ನು ಹನಫೀ ಫಿಕ್‌ಹನ್ನು ನೋಡಿ. ತಿಳುವಳಿಕೆ ಮಂದವಾದವನಿಗೆ ಅಲ್ಲಿ 'ಮಅತೂಹ್' ಎಂಬ ಪ್ರತ್ಯೇಕ ಹೆಸರಿದೆ. ಅವನನ್ನು ಹುಚ್ಚನ ಜೊತೆ ಸೇರಿಸದೆ, ವಿವೇಚನೆ ಮೂಡಿದ ಬಾಲಕನ ಸ್ಥಾನದಲ್ಲಿ ಇಟ್ಟಿದ್ದಾರೆ. ಕೇವಲ ಲಾಭವಿರುವ ವ್ಯವಹಾರ, ಉದಾಹರಣೆಗೆ ಉಡುಗೊರೆ ಸ್ವೀಕರಿಸುವುದು, ಅವನು ಒಬ್ಬನೇ ಮಾಡಿದರೂ ಊರ್ಜಿತ. ಲಾಭನಷ್ಟ ಎರಡೂ ಇರುವ ಕ್ರಯವಿಕ್ರಯಕ್ಕೆ ಪೋಷಕನ ಒಪ್ಪಿಗೆ ಬೇಕು. ಕೇವಲ ನಷ್ಟದ್ದು ಪೋಷಕ ಒಪ್ಪಿದರೂ ನಡೆಯದು. ನೂರಾರು ವರ್ಷಗಳ ಹಿಂದೆಯೇ ನಮ್ಮ ಫುಖಹಾಗಳು ಅವನ ಇಚ್ಛೆಯನ್ನು ಇಲ್ಲವೆನ್ನದೆ ಅಳೆದು ತೂಗಿದ್ದಾರೆ. ದುಂದುಗಾರನಾದ ಪ್ರಾಯಸ್ಥನ ವಿಷಯದಲ್ಲಂತೂ ಇಮಾಮ್ ಅಬೂಹನೀಫಾ(ರ) ಇನ್ನೂ ಮುಂದೆ ಹೋದರು. ಅವನ ಅಧಿಕಾರವನ್ನು ಕಿತ್ತುಕೊಳ್ಳುವುದು ಅವನ ಮನುಷ್ಯತ್ವವನ್ನೇ ಅಳಿಸಿದಂತೆ, ಆ ನಷ್ಟದ ಮುಂದೆ ಹಣದ ನಷ್ಟ ಸಣ್ಣದು ಎಂಬುದು ಆ ಪಕ್ಷದ ವಾದ. ಅವರ ಶಿಷ್ಯರಿಬ್ಬರೂ ಇದನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ಆದರೆ ವಾದ ಯಾವ ತಕ್ಕಡಿಯಲ್ಲಿ ನಡೆಯಿತು ಎಂಬುದನ್ನು ಗಮನಿಸಿ.

ಇಷ್ಟೆಲ್ಲ ಕಿತಾಬುಗಳನ್ನು ಓದಿದ ಸಮುದಾಯದ ನಡುವೆಯೇ ಏರ್ವಾಡಿ ನಡೆಯಿತು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ದರ್ಗಾದ ಸುತ್ತ, ಮನೋರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಮನೆಗಳು ಹುಟ್ಟಿಕೊಂಡಿದ್ದವು. 2001ರ ಆಗಸ್ಟ್ 6ರ ನಸುಕಿನಲ್ಲಿ ಅವುಗಳಲ್ಲೊಂದರ ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಿಂದ ಬಿಗಿದಿದ್ದ ಜನರಿಗೆ ಓಡಲು ಆಗಲಿಲ್ಲ. 28 ಮಂದಿ ಸತ್ತರು. ಮನೋರೋಗ ಬೇರೆ, ಬುದ್ಧಿಮಾಂದ್ಯತೆ ಬೇರೆ. ಎರಡನೆಯದು ರೋಗವೇ ಅಲ್ಲ. ಆದರೆ ಸರಪಳಿ ಹಾಕುವವನಿಗೆ ಈ ವ್ಯತ್ಯಾಸ ಬೇಕಾಗಿಲ್ಲ. ಪುಣ್ಯಸ್ಥಳದ ಹೆಸರು, ದಾಡಿ, ತಸ್ಬೀಹು ಇವನ್ನು ನೋಡಿ ಮನೆಯನ್ನು ನಂಬುವವರು ಏರ್ವಾಡಿಯನ್ನು ನೆನಪಿಡಲಿ.

ಹಣ ಕೊಟ್ಟರೆ ಒಳ್ಳೆಯ ಮನೆ ಸಿಗುತ್ತದೆ ಎನ್ನುವವರಿಗೆ ಬ್ರಿಟನ್ನಿನ ಉದಾಹರಣೆ ಸಾಕು. ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಇಂತಹವರಿಗಾಗಿಯೇ ಇದ್ದ 24 ಹಾಸಿಗೆಗಳ ಸಣ್ಣ ಖಾಸಗಿ ಆಸ್ಪತ್ರೆ. ಒಬ್ಬೊಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಪಾವತಿಯಾಗುತ್ತಿತ್ತು. 2011ರಲ್ಲಿ ಬಿಬಿಸಿ ವರದಿಗಾರನೊಬ್ಬ ಕೆಲಸದವನಂತೆ ಒಳಸೇರಿ ಗುಪ್ತವಾಗಿ ಚಿತ್ರೀಕರಿಸಿದಾಗ ಕಂಡದ್ದು ಹೊಡೆತ, ಬೈಗುಳ, ತಣ್ಣೀರಿನ ಶಿಕ್ಷೆ. ಮರುವರ್ಷ 11 ಮಂದಿ ನೌಕರರಿಗೆ ಶಿಕ್ಷೆಯಾಯಿತು. ಅಲ್ಲಿನ ನರ್ಸ್ ಒಬ್ಬರು ಮೊದಲೇ ದೂರು ಕೊಟ್ಟಿದ್ದರು, ಯಾರೂ ಕಿವಿಗೊಟ್ಟಿರಲಿಲ್ಲ. ಮನೆ ಸಣ್ಣದಾಗಿದ್ದರೆ ಮಮತೆ ಇದ್ದೀತು ಎಂದು ನಾವು ಭಾವಿಸುತ್ತೇವೆ. ಹೊರಗಿನವರ ಕಣ್ಣು ಬೀಳದ ಸಣ್ಣ ಮನೆ ದೊಡ್ಡದಕ್ಕಿಂತ ಹೆಚ್ಚು ಅಪಾಯದ್ದೂ ಆಗಬಹುದು.

ಆದುದರಿಂದ ನಿಮ್ಮ ಮಗನನ್ನು ಬಿಡುವ ಮನೆಗೆ ಹೇಳದೆ ಹೋಗಿ, ಊಟದ ಹೊತ್ತಿನಲ್ಲಲ್ಲ, ಮಗ್ರಿಬಿನ ನಂತರ ಹೋಗಿ. ಒಳಗೆ ಬಿಡದಿದ್ದರೆ ಉತ್ತರ ಅಲ್ಲಿಯೇ ಸಿಕ್ಕಿತು. 2016ರ ಅಂಗವಿಕಲರ ಹಕ್ಕುಗಳ ಕಾನೂನಿನ ಪ್ರಕಾರ ಇಂತಹ ಸಂಸ್ಥೆಗೆ ನೋಂದಣಿ ಕಡ್ಡಾಯ. ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಇನ್ನೊಂದು ಕೆಲಸವನ್ನು ತಾಯಿತಂದೆ ಬದುಕಿರುವಾಗಲೇ ಮಾಡಬೇಕು. 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನಂತೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯು ಹದಿನೆಂಟು ದಾಟಿದ ಇಂತಹವರಿಗೆ ಪೋಷಕರನ್ನು ನೇಮಿಸುತ್ತದೆ. ನಮ್ಮವರಿಗೆ ಅದು ಕೋಲಾರದಲ್ಲಿದೆ. ಅಣ್ಣನೋ ಅಕ್ಕನ ಗಂಡನೋ ಹೇಗೂ ನೋಡಿಕೊಳ್ಳುತ್ತಾರೆಂದು ಬಿಟ್ಟುಬಿಡಬೇಡಿ. ನೇಮಕವಾದವನು ಆರು ತಿಂಗಳೊಳಗೆ ಅವನ ಸ್ಥಿರಾಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಸೂರಾ ಅನ್ನಿಸಾದ 6ನೇ ವಚನ ಅನಾಥನ ಪೋಷಕನಿಗೂ ಹೀಗೆಯೇ ಕಟ್ಟು ಹಾಕಿದೆ: ಉಳ್ಳವನು ಆ ಸೊತ್ತನ್ನು ಮುಟ್ಟಬಾರದು, ಬಡವನು ನ್ಯಾಯವಾದಷ್ಟೇ ತೆಗೆದುಕೊಳ್ಳಬಹುದು, ಹಿಂದಿರುಗಿಸುವಾಗ ಸಾಕ್ಷಿಗಳಿರಬೇಕು. ಅರ್ಜಿ ಹಾಕಲು ಹೋಗುವ ದಿನ ಮಗನನ್ನೂ ಕರೆದುಕೊಂಡು ಹೋಗಿ. ಯಾರ ಜೊತೆ ಇರಲು ಇಷ್ಟ ಎಂದು ಅಲ್ಲಿ ಅವನನ್ನೇ ಕೇಳಲಿ. ಬಾಯಲ್ಲಿ ಹೇಳಲಾಗದಿದ್ದರೆ, ಅವನು ಯಾರ ಕೈ ಹಿಡಿಯುತ್ತಾನೆಂದು ನೋಡಲಿ.